ಚಲನೆಯ ಮೂರು ಅಳತೆಗಳು: ಆಟದ ಯಂತ್ರಗಳ ಪೈಪೋಟಿ ಮತ್ತು ಯಕ್ಷಗಾನದ ದಾಖಲೀಕರಣ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನಲ್ಲಿ ಕಡಲಿಗೆ ಮುಖಮಾಡಿ ನಿಂತಿರುವ ಗುಡ್ಡ ಅಪ್ಸರಕೊಂಡ. ಇಲ್ಲಿನ ಜಲಪಾತದ ಕೊಳದಲ್ಲಿ ಅಪ್ಸರೆಯರು ಮೀಯುತ್ತಿದ್ದರೆಂಬ ಐತಿಹ್ಯವೇ ಈ ಹೆಸರಿಗೆ ಮೂಲ. ಈ ಪರಿಸರ ಬಡಗುತಿಟ್ಟು ಯಕ್ಷಗಾನದ ಪ್ರಮುಖ ನೆಲೆಗಳಲ್ಲೊಂದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇದೇ ತಾಲೂಕಿನದು. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಕಟ್ಟಿದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಈ ಸೀಮೆಯವರೇ. ಈ ಕಲಾವಿದರ ಮಾತು ಮತ್ತು ಪದ್ಯಗಳನ್ನು ಬರಹದಲ್ಲಿ, ಧ್ವನಿಮುದ್ರಣದಲ್ಲಿ ಉಳಿಸಿಕೊಳ್ಳುವ ಕ್ರಮ ರೂಢಿಗೊಂಡಿದೆ. ಆದರೆ ದೇಹದ ಚಲನೆಯನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆತಿಲ್ಲ.

ಈ ಪ್ರಶ್ನೆಗೆ ಸಂಬಂಧಿಸಿದ ಉಪಕರಣಗಳು ಅನಿರೀಕ್ಷಿತವಾದ ಕ್ಷೇತ್ರವೊಂದರಿಂದ ಬಂದವು. ದೂರದರ್ಶನದ ಪರದೆಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳ ತಯಾರಕರಾದ ನಿಂಟೆಂಡೊ, ಸೋನಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 2006ರಿಂದ 2010ರ ಅವಧಿಯಲ್ಲಿ ಪರಸ್ಪರ ಪೈಪೋಟಿಯಿಂದ, ಆಟಗಾರನ ಚಲನೆಯನ್ನು ಗ್ರಹಿಸುವ ಅಗ್ಗದ ಸಾಧನಗಳನ್ನು ಮಾರುಕಟ್ಟೆಗೆ ತಂದವು. ಅಲ್ಲಿಯವರೆಗೆ ಚಲನೆಯ ಸೂಕ್ಷ್ಮ ಅಳತೆ ಹೆಚ್ಚಾಗಿ ದುಬಾರಿ ಪ್ರಯೋಗಾಲಯಗಳಿಗೆ ಸೀಮಿತವಾಗಿತ್ತು. ಈ ಮೂರು ಸಾಧನಗಳು ಏನನ್ನು ಅಳೆಯುತ್ತವೆ, ಏನನ್ನು ಬಿಟ್ಟುಬಿಡುತ್ತವೆ ಎಂಬುದನ್ನು ಬಡಗುತಿಟ್ಟಿನ ಕುಣಿತವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿಂಟೆಂಡೊ: ಕೈಯ ವೇಗೋತ್ಕರ್ಷ

ಚಲನೆಯಿಂದ ಆಟವಾಡಿಸುವ ಪ್ರಯತ್ನ ಹೊಸದೇನಲ್ಲ. 1989ರಲ್ಲಿ ಬಂದ ಪವರ್ ಗ್ಲೋವ್ ಎಂಬ ಕೈಗವಸು, 2003ರಲ್ಲಿ ಸೋನಿ ತಂದ ಐಟಾಯ್ ಎಂಬ ಕ್ಯಾಮೆರಾ ಈ ದಾರಿಯ ಮೊದಲ ಹೆಜ್ಜೆಗಳು. ಇದನ್ನು ಕನ್ಸೋಲ್‌ನ ಮೂಲ ತತ್ತ್ವವನ್ನಾಗಿಸಿದ ಕೀರ್ತಿ ನಿಂಟೆಂಡೊಗೆ ಸಲ್ಲುತ್ತದೆ. 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟೆಲೆಗಳ ತಯಾರಿಕೆಯಿಂದ ಆರಂಭವಾದ ಈ ಕಂಪನಿ, ಚಿತ್ರದ ಗುಣಮಟ್ಟದಲ್ಲಿ ಸೋನಿಯ ಪ್ಲೇಸ್ಟೇಷನ್ 3 ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ರೊಡನೆ ಸೆಣಸುವ ಬದಲು, ಆಡುವ ವಿಧಾನವನ್ನೇ ಬದಲಿಸಲು ನಿರ್ಧರಿಸಿತು. 2006ರ ನವೆಂಬರ್ 19ರಂದು ಅಮೆರಿಕದಲ್ಲಿ ಬಿಡುಗಡೆಯಾದ ವೀ ಯಂತ್ರದ ಬೆಲೆ ಸುಮಾರು 250 ಡಾಲರ್. ಅದೇ ತಿಂಗಳು ಬಂದ ಪ್ಲೇಸ್ಟೇಷನ್ 3ರ ಬೆಲೆ ಇದರ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ವೀ ಒಟ್ಟು 10 ಕೋಟಿಗೂ ಮಿಕ್ಕಿ ಮಾರಾಟವಾಗಿ ಆ ಪೀಳಿಗೆಯ ಸ್ಪರ್ಧೆಯಲ್ಲಿ ಮುಂದೆ ನಿಂತಿತು.

ವೀ ರಿಮೋಟ್‌ನ ಒಳಗಿದ್ದುದು ಅಕ್ಸೆಲೆರೊಮೀಟರ್ ಎಂಬ ಪುಟ್ಟ ಸಂವೇದಕ. ಇದು ಮೂರು ದಿಕ್ಕುಗಳಲ್ಲಿ ವೇಗೋತ್ಕರ್ಷವನ್ನು ಅಳೆಯುತ್ತದೆ. ಅಲುಗದೆ ಇಟ್ಟಾಗಲೂ ಗುರುತ್ವದ ದಿಕ್ಕನ್ನು ತೋರಿಸುವುದರಿಂದ ರಿಮೋಟ್ ಎಷ್ಟು ವಾಲಿದೆ ಎಂಬುದು ತಿಳಿಯುತ್ತದೆ. ಇದರ ತುದಿಯಲ್ಲಿದ್ದ ಅವಕೆಂಪು ಕ್ಯಾಮೆರಾ, ಟೀವಿಯ ಬಳಿ ಇರಿಸಿದ ಪಟ್ಟಿಯ ದೀಪಗಳನ್ನು ಕಂಡು ಗುರಿಯನ್ನು ಲೆಕ್ಕಹಾಕುತ್ತಿತ್ತು. ಆ ಪಟ್ಟಿಗೆ ಸೆನ್ಸರ್ ಬಾರ್ ಎಂದು ಹೆಸರಿದ್ದರೂ ಅದರಲ್ಲಿ ಸಂವೇದಕವೇ ಇರಲಿಲ್ಲ. ಇದ್ದುದು ದೀಪಗಳು ಮಾತ್ರ.

ಈ ಏರ್ಪಾಡಿನ ಮಿತಿ ಬಡಗುತಿಟ್ಟಿನ ಮಂಡಿ ಕುಣಿತದಲ್ಲಿ ಸ್ಪಷ್ಟವಾಗುತ್ತದೆ. ಮೊಣಕಾಲೂರಿ ಚಕ್ರದಂತೆ ಸುತ್ತುವ ಈ ಕ್ರಮದಲ್ಲಿ ದೇಹ ತಿರುಗುವುದು ನೆಟ್ಟನೆಯ ಅಕ್ಷದ ಸುತ್ತ. ಆ ತಿರುಗುವಿಕೆಯಿಂದ ಗುರುತ್ವದ ದಿಕ್ಕು ಬದಲಾಗುವುದಿಲ್ಲವಾದ್ದರಿಂದ, ವೇಷಧಾರಿ ಯಾವ ಕಡೆಗೆ ಮುಖ ಮಾಡಿದ್ದಾನೆಂಬುದನ್ನು ಅಕ್ಸೆಲೆರೊಮೀಟರ್ ಹೇಳಲಾರದು. ಅಳತೆಯ ವ್ಯಾಪ್ತಿಯೂ ಕಿರಿದು. ಅಕ್ಷದಿಂದ 60 ಸೆಂಟಿಮೀಟರ್ ದೂರಕ್ಕೆ ಚಾಚಿದ ಕೈ ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ ಅದರ ಮೇಲಿನ ವೇಗೋತ್ಕರ್ಷ ಗುರುತ್ವದ ಸುಮಾರು 2.4 ಪಟ್ಟು, ಎರಡು ಸುತ್ತಾದರೆ ಸುಮಾರು 9.7 ಪಟ್ಟು. ವೀ ರಿಮೋಟ್‌ನ ಸಂವೇದಕ ಅಳೆಯಬಲ್ಲುದು ಸುಮಾರು 3 ಪಟ್ಟಿನವರೆಗೆ ಮಾತ್ರ. ಕುಣಿತ ಏರುಗತಿಗೆ ಬಂದು ಪ್ರೇಕ್ಷಕರು ಕಣ್ಣರಳಿಸುವ ಹೊತ್ತಿಗೆ ಉಪಕರಣದ ಅಳತೆ ಮುಗಿದಿರುತ್ತದೆ. ತಿರುಗುವ ವೇಗವನ್ನು ನೇರವಾಗಿ ಅಳೆಯುವ ಗೈರೋಸ್ಕೋಪನ್ನು ಮೋಷನ್‌ಪ್ಲಸ್ ಎಂಬ ಹೆಚ್ಚುವರಿ ಭಾಗದ ರೂಪದಲ್ಲಿ ನಿಂಟೆಂಡೊ ಒದಗಿಸಿದ್ದು 2009ರಲ್ಲಿ.

ಸೋನಿ: ಬೆಳಗುವ ಚೆಂಡಿನ ಸ್ಥಾನ

ಸೋನಿ 2010ರ ಸೆಪ್ಟೆಂಬರ್‌ನಲ್ಲಿ ಹೊರತಂದ ಪ್ಲೇಸ್ಟೇಷನ್ ಮೂವ್ ಎರಡು ವಿಧಾನಗಳನ್ನು ಬೆಸೆಯಿತು. ಕೈಯಲ್ಲಿ ಹಿಡಿಯುವ ಕೋಲಿನ ತುದಿಗೆ ಬಣ್ಣದ ಬೆಳಕು ಬೀರುವ ಚೆಂಡೊಂದಿತ್ತು. ಕ್ಯಾಮೆರಾಕ್ಕೆ ಆ ಚೆಂಡು ಕಾಣುವ ಜಾಗದಿಂದ ಕೈಯ ಎಡ-ಬಲ, ಮೇಲು-ಕೆಳಗಿನ ಸ್ಥಾನವೂ, ಕಾಣುವ ಗಾತ್ರದಿಂದ ದೂರವೂ ನಿರ್ಧಾರವಾಗುತ್ತಿದ್ದವು. ಯಾವ ಕಡೆಯಿಂದ ನೋಡಿದರೂ ಚೆಂಡು ವೃತ್ತಾಕಾರವಾಗಿಯೇ ಕಾಣುವುದರಿಂದ ಈ ಲೆಕ್ಕ ಸುಲಭ. ಕೋಲಿನ ಒಳಗೆ ಅಕ್ಸೆಲೆರೊಮೀಟರ್, ಗೈರೋಸ್ಕೋಪ್ ಹಾಗೂ ಭೂಕಾಂತತೆಯನ್ನು ಗ್ರಹಿಸುವ ಸಂವೇದಕ ಸೇರಿದ್ದುದರಿಂದ ಕೋಲು ಯಾವ ದಿಕ್ಕಿಗೆ ತಿರುಗಿದೆ ಎಂಬುದೂ ತಿಳಿಯುತ್ತಿತ್ತು. ಮೂರು ಸಾಧನಗಳ ಪೈಕಿ ಒಂದು ಬಿಂದುವಿನ ಚಲನೆಯನ್ನು ನಿಖರವಾಗಿ ಹೇಳಬಲ್ಲುದು ಇದೇ ಎನ್ನಬಹುದು.

ಆದರೆ ಇದು ಬಲ್ಲುದು ಕೋಲನ್ನು, ಕೈಯನ್ನಲ್ಲ. ಬಿಲ್ಲು, ಗದೆ ಹಿಡಿದ ವೇಷದ ಆಯುಧದ ಬೀಸನ್ನು ಇದು ದಾಖಲಿಸೀತು. ಬೆರಳುಗಳ ಮುದ್ರೆಯನ್ನು ದಾಖಲಿಸಲಾರದು. ಕೋಲು ಹಿಡಿದ ಕೈಯಲ್ಲಿ ಮುದ್ರೆ ಮೂಡುವುದೇ ಸಾಧ್ಯವಿಲ್ಲ. ವೇಷಧಾರಿ ಬೆನ್ನು ತಿರುಗಿಸಿ ಚೆಂಡು ಮರೆಯಾದರೆ ಕ್ಯಾಮೆರಾ ಸ್ಥಾನವನ್ನು ಕಳೆದುಕೊಳ್ಳುತ್ತದೆ. ಆಗ ಒಳಗಿನ ಸಂವೇದಕಗಳಿಂದಷ್ಟೇ ಊಹಿಸಬೇಕಾಗಿ, ಪ್ರತಿ ಕ್ಷಣದ ಸಣ್ಣ ತಪ್ಪುಗಳು ಕೂಡಿಕೊಳ್ಳುತ್ತ ಹೋಗುತ್ತವೆ.

ಮೈಕ್ರೋಸಾಫ್ಟ್: ಇಡೀ ದೇಹದ ಆಳ

2010ರ ನವೆಂಬರ್ 4ರಂದು ಅಮೆರಿಕದಲ್ಲಿ ಬಿಡುಗಡೆಯಾದ ಮೈಕ್ರೋಸಾಫ್ಟ್‌ನ ಕಿನೆಕ್ಟ್, ಕೈಯಲ್ಲಿ ಏನನ್ನೂ ಹಿಡಿಯಬೇಕಿಲ್ಲವೆಂದು ಸಾರಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಕಿನೆಕ್ಟ್‌ಗಳು ಮಾರಾಟವಾದವು. ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯ ತಂತ್ರವನ್ನು ಆಧರಿಸಿದ ಈ ಸಾಧನ ಕೋಣೆಯ ತುಂಬ ಕಣ್ಣಿಗೆ ಕಾಣದ ಅವಕೆಂಪು ಚುಕ್ಕೆಗಳ ವಿನ್ಯಾಸವನ್ನು ಚೆಲ್ಲುತ್ತದೆ. ಸ್ವಲ್ಪ ಪಕ್ಕದಲ್ಲಿರುವ ಕ್ಯಾಮೆರಾಕ್ಕೆ ಆ ವಿನ್ಯಾಸ ಎಷ್ಟು ಸರಿದಂತೆ ಕಾಣುತ್ತದೆ ಎಂಬುದರಿಂದ ಪ್ರತಿ ಬಿಂದುವಿನ ದೂರ ಲೆಕ್ಕಕ್ಕೆ ಸಿಗುತ್ತದೆ. ಹೀಗೆ ಸೆಕೆಂಡಿಗೆ 30ರಂತೆ ದೊರೆಯುವ ಆಳದ ಚಿತ್ರಗಳಲ್ಲಿ ಯಾವ ಬಿಂದು ತಲೆ, ಯಾವುದು ಮೊಣಕೈ ಎಂದು ಗುರುತಿಸುವ ವಿಧಾನವನ್ನು ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ಸಂಶೋಧನಾಲಯದ ತಂಡ ರೂಪಿಸಿತು. ಓಟ, ಒದೆತ, ಕುಣಿತ ಮೊದಲಾದ ಭಂಗಿಗಳ ಲಕ್ಷಾಂತರ ಕೃತಕ ಚಿತ್ರಗಳಿಂದ ಗಣಕಕ್ಕೆ ಪಾಠ ಹೇಳಿ, ಅಂತಿಮವಾಗಿ 20 ಕೀಲುಗಳ ಅಸ್ಥಿಪಂಜರವನ್ನು ಪಡೆಯಲಾಯಿತು.

ನರ್ತನದ ಅಧ್ಯಯನಕ್ಕೆ ಇದು ದೊಡ್ಡ ಅನುಕೂಲವಾಯಿತು. ಖರಗ್‌ಪುರದ ಐಐಟಿಯ ಸಂಶೋಧಕರು ಭರತನಾಟ್ಯದ ಅಡವುಗಳನ್ನು ಕಿನೆಕ್ಟ್ ಮೂಲಕ ದಾಖಲಿಸಿ, ಭಂಗಿಗಳನ್ನು ಗಣಕದಿಂದ ಗುರುತಿಸುವ ಕಾರ್ಯ ಕೈಗೊಂಡರು. ತಾಳದ ಬಡಿತವನ್ನು ಧ್ವನಿಯಿಂದ ಗುರುತಿಸಿ ಅದನ್ನು ಚಲನೆಯೊಡನೆ ಹೊಂದಿಸಿದ್ದು ಆ ಕಾರ್ಯದ ಗಮನಾರ್ಹ ಅಂಶ.

ಯಕ್ಷಗಾನದ ರಂಗ ಇನ್ನಷ್ಟು ಕಠಿಣವಾದ ಪರೀಕ್ಷೆ. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ದೇಹದ ಹೊರರೇಖೆಯನ್ನೇ ಬದಲಿಸುತ್ತವೆ. ಹೊರರೇಖೆಯಿಂದ ಕೀಲನ್ನು ಊಹಿಸುವ ಯಂತ್ರಕ್ಕೆ ಇದರಿಂದ ಗೊಂದಲ ಸಹಜ. ಆಭರಣಗಳ ಹೊಳಪು ಅವಕೆಂಪು ಚುಕ್ಕೆಗಳನ್ನು ಚದುರಿಸುತ್ತದೆ. ಆಟಗಾರ ಪರದೆಗೆ ಎದುರಾಗಿ ನಿಂತಿರುತ್ತಾನೆಂದು ಭಾವಿಸಿ ರೂಪಿಸಿದ ಸಾಧನವಾದ್ದರಿಂದ, ಬೆನ್ನು ತಿರುಗಿದಾಗ ಎಡಗೈ ಬಲಗೈಗಳು ಅದಲುಬದಲಾಗುತ್ತವೆ. ಸೆಕೆಂಡಿಗೆ 3 ಮೀಟರ್ ವೇಗದ ಕೈ ಎರಡು ಚಿತ್ರಗಳ ನಡುವೆ 10 ಸೆಂಟಿಮೀಟರ್ ದೂರ ಸಾಗಿಬಿಟ್ಟಿರುತ್ತದೆ. ಕಣ್ಣಿನ ಚಲನೆ, ಹುಬ್ಬಿನ ಕೊಂಕು, ಬೆರಳಿನ ತುದಿ ಈ 20 ಕೀಲುಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಭಾಗವತರ ಪದ್ಯಕ್ಕೆ, ಮದ್ದಳೆ ಚಂಡೆಗಳ ಪೆಟ್ಟಿಗೆ ಹೆಜ್ಜೆ ಹೇಗೆ ಉತ್ತರ ಕೊಟ್ಟಿತೆಂಬುದು ಅಸ್ಥಿಪಂಜರದ ಅಂಕಿಗಳಿಂದಷ್ಟೇ ತಿಳಿಯುವುದಿಲ್ಲ.

ಪೈಪೋಟಿಯ ಆಯುಷ್ಯ, ದಾಖಲೆಯ ಆಯುಷ್ಯ

ಇನ್ನೊಂದು ಸಮಸ್ಯೆ ತಾಂತ್ರಿಕವಾದುದಲ್ಲ. ಮಾರುಕಟ್ಟೆಯ ಪೈಪೋಟಿಯಿಂದ ಅಗ್ಗವಾದ ಸಾಧನ ಅದೇ ಪೈಪೋಟಿಯಿಂದ ಕಣ್ಮರೆಯೂ ಆಗುತ್ತದೆ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರದೊಡನೆ ಹೊಸ ಕಿನೆಕ್ಟನ್ನು ಕಡ್ಡಾಯವಾಗಿ ಸೇರಿಸಿ ಮಾರಲಾಯಿತು. ಹೆಚ್ಚಿನ ಬೆಲೆಯಿಂದ ಸ್ಪರ್ಧೆಯಲ್ಲಿ ಹಿನ್ನಡೆಯಾದಾಗ, 2014ರಲ್ಲಿ ಮೈಕ್ರೋಸಾಫ್ಟ್ ಅದನ್ನು ಬಿಟ್ಟು ಯಂತ್ರವನ್ನಷ್ಟೇ ಮಾರತೊಡಗಿತು. ಪ್ರೈಮ್‌ಸೆನ್ಸ್ 2013ರಲ್ಲಿ ಆಪಲ್ ಕಂಪನಿಯ ಪಾಲಾಗಿತ್ತು. 2017ರ ಅಕ್ಟೋಬರ್‌ನಲ್ಲಿ ಕಿನೆಕ್ಟ್ ತಯಾರಿಕೆ ನಿಂತುದು ಪ್ರಕಟವಾಯಿತು. ಅದೇ ತಿಂಗಳ 3ರಂದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ನಿಧನರಾದರು. ಶಂಭು ಹೆಗಡೆಯವರು ತೀರಿಕೊಂಡದ್ದು 2009ರ ಫೆಬ್ರವರಿಯಲ್ಲಿ, ಕಿನೆಕ್ಟ್ ಬರುವುದಕ್ಕೂ ಮೊದಲು. ಒಬ್ಬ ಕಲಾವಿದನ ರಂಗಜೀವನ ಅರ್ಧ ಶತಮಾನವನ್ನು ಮೀರಬಹುದು; ಈ ಸಾಧನದ ಮಾರುಕಟ್ಟೆಯ ಜೀವನ ಏಳು ವರ್ಷ.

ಇದರಿಂದ ಗ್ರಂಥಾಲಯ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಕೆಲವು ತೀರ್ಮಾನಗಳು ಒದಗುತ್ತವೆ. ಸಂವೇದಕದ ಅಂಕಿಗಳೊಡನೆ ಸಾಮಾನ್ಯ ವಿಡಿಯೋ ಮತ್ತು ಹಿಮ್ಮೇಳದ ಧ್ವನಿಮುದ್ರಣವನ್ನು ಒಂದೇ ಕಾಲಗಣನೆಯಲ್ಲಿ ಉಳಿಸಿಕೊಳ್ಳಬೇಕು. ಅಂಕಿಗಳನ್ನು ಕಂಪನಿಯೊಂದರ ತಂತ್ರಾಂಶವಿಲ್ಲದೆ ಓದಲಾಗುವ ಸರಳ ರೂಪದಲ್ಲಿಯೂ ಇರಿಸಬೇಕು. ಯಾವ ಸಾಧನ, ಸೆಕೆಂಡಿಗೆ ಎಷ್ಟು ಅಳತೆ, ಪೂರ್ಣ ವೇಷದಲ್ಲಿಯೋ ವೇಷವಿಲ್ಲದೆಯೋ ಎಂಬ ವಿವರಗಳನ್ನು ದಾಖಲೆಯ ಭಾಗವಾಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕುಣಿದವರೇ ತಮ್ಮ ಹೆಜ್ಜೆಯ ಬಗ್ಗೆ ನೀಡುವ ವಿವರಣೆಯನ್ನು ಅದರ ಜತೆಗೆ ಬರೆದಿಡಬೇಕು.

ನಿಂಟೆಂಡೊಗೆ ಚಲನೆಯೆಂದರೆ ಕೈಯ ವೇಗೋತ್ಕರ್ಷ, ಸೋನಿಗೆ ಒಂದು ಬಿಂದುವಿನ ಸ್ಥಾನ, ಮೈಕ್ರೋಸಾಫ್ಟ್‌ಗೆ ಇಪ್ಪತ್ತು ಕೀಲುಗಳು. ಆಟಕ್ಕೆ ಈ ಪ್ರತಿಯೊಂದು ವ್ಯಾಖ್ಯೆಯೂ ಸಾಕಾಗಿತ್ತು. ಇವುಗಳಲ್ಲಿ ಒಂದನ್ನೇ ಯಕ್ಷಗಾನದ ಪೂರ್ಣ ದಾಖಲೆಯೆಂದು ಭಾವಿಸಿದರೆ, ಅಳೆಯಲಾಗದೆ ಹೋದದ್ದು ಇರಲೇ ಇಲ್ಲವೆಂದು ಮುಂದಿನ ಪೀಳಿಗೆ ತಿಳಿಯುವ ಅಪಾಯವಿದೆ. ಸಾಧನವನ್ನು ಬಳಸುವವರು ಅದರ ಮಿತಿಯನ್ನೂ ದಾಖಲಿಸಿದಲ್ಲಿ ಮಾತ್ರ ಈ ಅಪಾಯ ತಪ್ಪೀತು.