ಎಚ್ಚರಗೊಳ್ಳದ ಗಣಕಯಂತ್ರ

ಗುಂಡಿಯನ್ನು ಒತ್ತಿದೊಡನೆ ಗಣಕಯಂತ್ರವು ಎಚ್ಚರಗೊಂಡು ಕೆಲಸಕ್ಕೆ ಸಿದ್ಧವಾಗುವುದು ಇಂದು ಎಲ್ಲರಿಗೂ ಪರಿಚಿತವಾದ ನೋಟ. ಆದರೆ ವಿಂಡೋಸ್ ಇರುವ ಯಂತ್ರದಲ್ಲಿಯೇ ಲಿನಕ್ಸ್‌ನಂತಹ ಎರಡನೆಯ ಕಾರ್ಯಾಚರಣ ವ್ಯವಸ್ಥೆಯನ್ನೂ ಸ್ಥಾಪಿಸಿದಾಗ ಕೆಲವೊಮ್ಮೆ ಆ ಯಂತ್ರ ಮೌನ ತಾಳುತ್ತದೆ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳ ಒಂದು ಸಾಲು ಮೂಡಿ, ಮಿನುಗುವ ಗೆರೆಯೊಂದು ಸುಮ್ಮನೆ ಕಾಯುತ್ತ ನಿಲ್ಲುತ್ತದೆ. ವರ್ಷವಿಡೀ ಬರೆದಿಟ್ಟ ಟಿಪ್ಪಣಿಗಳು, ಮನೆಯವರ ಭಾವಚಿತ್ರಗಳು, ಲೆಕ್ಕಪತ್ರಗಳು ಎಲ್ಲವೂ ಹಾಳಾದುವೆಂದು ಬಳಸುವವರ ಎದೆ ನಡುಗುತ್ತದೆ. ಈ ಭಯಕ್ಕೆ ಬಹುಮಟ್ಟಿಗೆ ಆಧಾರವಿಲ್ಲ. ಏಕೆ ಇಲ್ಲವೆಂಬುದನ್ನು ಅರಿಯಬೇಕಾದರೆ ಯಂತ್ರವು ಎಚ್ಚರಗೊಳ್ಳುವ ಬಗೆಯನ್ನು ಮೊದಲು ತಿಳಿಯಬೇಕು.

ಕಾರ್ಯಾಚರಣ ವ್ಯವಸ್ಥೆಯೂ ಒಂದು ಕ್ರಮವಿಧಿಯೇ. ಯಂತ್ರವು ಆರಿರುವಾಗ ಅದು ಡಿಸ್ಕಿನಲ್ಲಿ ನಿದ್ರಿಸುತ್ತಿರುತ್ತದೆ. ಅದನ್ನು ಸ್ಮೃತಿಗೆ ಕರೆತಂದು ಅಧಿಕಾರವನ್ನು ಒಪ್ಪಿಸಲು ಬೇರೊಂದು ಚಿಕ್ಕ ಕ್ರಮವಿಧಿ ಬೇಕು. ಆ ಚಿಕ್ಕದನ್ನು ಹುಡುಕಿ ತರಲು ಮತ್ತೊಂದು ಬೇಕು. ಈ ಸರಪಳಿಯ ಮೊದಲ ಕೊಂಡಿಯನ್ನು ಯಂತ್ರದ ಮುಖ್ಯಫಲಕದ ಮೇಲಿರುವ ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿರುತ್ತಾರೆ. ಹೀಗೆ ಒಂದರಿಂದ ಒಂದು ಎಚ್ಚರಗೊಳ್ಳುವ ಕ್ರಿಯೆಗೆ ‘ಬೂಟ್’ ಆಗುವುದು ಎಂದು ಹೆಸರು. ಸರಪಳಿಯ ಯಾವುದಾದರೂ ಒಂದು ಕೊಂಡಿ ಕಳಚಿದರೂ ಉಳಿದವೆಲ್ಲ ಗಟ್ಟಿಯಾಗಿದ್ದು ನಿಷ್ಪ್ರಯೋಜಕವಾಗುತ್ತವೆ.

1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ವೈಯಕ್ತಿಕ ಗಣಕದಲ್ಲಿ ಈ ಮೊದಲ ಕೊಂಡಿಯ ಹೆಸರು ‘ಬಯಾಸ್’. ಬಯಾಸ್ ಪದ್ಧತಿಯಲ್ಲಿ ಯಂತ್ರವು ಡಿಸ್ಕಿನ ಮೊಟ್ಟಮೊದಲ ಖಂಡವನ್ನು ಓದುತ್ತದೆ. ಆ ಖಂಡದ ಗಾತ್ರ ಕೇವಲ 512 ಬೈಟುಗಳು. ಅದರಲ್ಲಿ 446 ಬೈಟುಗಳು ಎಬ್ಬಿಸುವ ಕ್ರಮವಿಧಿಗೆ, 64 ಬೈಟುಗಳು ಡಿಸ್ಕಿನ ನಾಲ್ಕು ಮುಖ್ಯ ವಿಭಾಗಗಳ ಪಟ್ಟಿಗೆ, ಕೊನೆಯ 2 ಬೈಟುಗಳು ಗುರುತಿನ ಮುದ್ರೆಗೆ ಮೀಸಲು. ಇಷ್ಟು ಇಕ್ಕಟ್ಟಾದ ಸ್ಥಳದಲ್ಲಿ ಒಬ್ಬನೇ ದ್ವಾರಪಾಲಕನು ನಿಲ್ಲಬಲ್ಲನು. ಎರಡನೆಯ ವ್ಯವಸ್ಥೆಯನ್ನು ಸ್ಥಾಪಿಸಿದಾಗ ಅದು ತನ್ನ ದ್ವಾರಪಾಲಕನನ್ನು ಅಲ್ಲಿ ನಿಲ್ಲಿಸಿ ಹಳಬನನ್ನು ಹೊರಗಟ್ಟುತ್ತದೆ. ಲಿನಕ್ಸ್‌ನೊಂದಿಗೆ ಬರುವ ‘ಗ್ರಬ್’ ಎಂಬ ದ್ವಾರಪಾಲಕನು ಉಳಿದ ವ್ಯವಸ್ಥೆಗಳ ಹೆಸರುಗಳನ್ನೂ ಪಟ್ಟಿಮಾಡಿ ತೋರಿಸಬಲ್ಲನು. ಆದರೆ ಲಿನಕ್ಸ್ ಇದ್ದ ಡಿಸ್ಕಿನಲ್ಲಿ ವಿಂಡೋಸನ್ನು ಅನಂತರ ಸ್ಥಾಪಿಸಿದರೆ, ವಿಂಡೋಸಿನ ದ್ವಾರಪಾಲಕನು ತನ್ನ ಒಡೆಯನನ್ನಲ್ಲದೆ ಬೇರೆ ಯಾರನ್ನೂ ಕರೆಯುವುದಿಲ್ಲ. ಲಿನಕ್ಸ್ ಡಿಸ್ಕಿನಲ್ಲಿದ್ದೂ ಇಲ್ಲದಂತಾಗುತ್ತದೆ.

ಈ ಇಕ್ಕಟ್ಟನ್ನು ನಿವಾರಿಸಲು ಬಂದ ಹೊಸ ಪದ್ಧತಿ ‘ಯುಇಎಫ್‌ಐ’. ಇದನ್ನು ಬೆಳೆಸುವ ಹೊಣೆಯನ್ನು 2005ರಲ್ಲಿ ಹಲವು ಸಂಸ್ಥೆಗಳು ಸೇರಿದ ಒಂದು ವೇದಿಕೆ ವಹಿಸಿಕೊಂಡಿತು. ಇದರಲ್ಲಿ ಡಿಸ್ಕಿನ ಒಂದು ಸಣ್ಣ ವಿಭಾಗವನ್ನೇ ದ್ವಾರಪಾಲಕರಿಗಾಗಿ ಮೀಸಲಿಡುತ್ತಾರೆ. ಪ್ರತಿಯೊಬ್ಬನಿಗೂ ಅಲ್ಲಿ ಪ್ರತ್ಯೇಕ ಕೋಣೆ ದೊರೆಯುತ್ತದೆ. ಯಾರನ್ನು ಮೊದಲು ಕರೆಯಬೇಕೆಂಬ ಅನುಕ್ರಮವು ಮುಖ್ಯಫಲಕದ ಸ್ಮೃತಿಯಲ್ಲಿ ಉಳಿಯುತ್ತದೆ. ಆದುದರಿಂದ ಒಬ್ಬನು ಬಂದರೆ ಮತ್ತೊಬ್ಬನು ಹೋಗಲೇಬೇಕೆಂಬ ನಿಯಮವಿಲ್ಲ. ಆದರೂ ತೊಡಕುಗಳು ತಪ್ಪಿಲ್ಲ.

ಅಂತಹ ತೊಡಕುಗಳಲ್ಲಿ ಮುಖ್ಯವಾದುವು ಮೂರು. ಒಂದನೆಯದು, ಅನುಕ್ರಮ ಬದಲಾಗಿ ಬೇಡವಾದ ವ್ಯವಸ್ಥೆಯೇ ಮೊದಲು ಏಳುವುದು. ಎರಡನೆಯದು, ಒಂದು ವ್ಯವಸ್ಥೆಯನ್ನು ಯುಇಎಫ್‌ಐ ಪದ್ಧತಿಯಲ್ಲಿಯೂ ಇನ್ನೊಂದನ್ನು ಹಳೆಯ ಬಯಾಸ್ ಪದ್ಧತಿಯಲ್ಲಿಯೂ ಸ್ಥಾಪಿಸುವುದು. ಹಳೆಯ ಪದ್ಧತಿಯಲ್ಲಿ ಎದ್ದ ಗ್ರಬ್‌ಗೆ ಹೊಸ ಪದ್ಧತಿಯ ವಿಂಡೋಸನ್ನು ಎಬ್ಬಿಸಲಾಗದು. ಮೂರನೆಯದು, ಗ್ರಬ್‌ನ ಉಳಿದ ಕಡತಗಳಿದ್ದ ವಿಭಾಗ ಅಳಿಸಿಹೋಗುವುದು ಅಥವಾ ಅದರ ಸಂಖ್ಯೆ ಬದಲಾಗುವುದು. ಆಗ ಗ್ರಬ್ ಅರ್ಧದಲ್ಲಿಯೇ ದಾರಿ ತಪ್ಪಿ, ‘ಗ್ರಬ್ ರೆಸ್ಕ್ಯೂ’ ಎಂಬ ಮಾತನ್ನು ಪರದೆಯ ಮೇಲೆ ಮೂಡಿಸಿ ಸಹಾಯಕ್ಕಾಗಿ ಕಾಯುತ್ತದೆ.

ಈ ಸಂದರ್ಭದಲ್ಲಿ ಅನೇಕರು ಮಾಡುವ ಮೊದಲ ಕೆಲಸವೇ ದೊಡ್ಡ ಪ್ರಮಾದ. ಅವರು ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸಲು ಹೊರಡುತ್ತಾರೆ. ಇದು ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಂಡಂತೆ. ದ್ವಾರಪಾಲಕನು ದಾರಿ ತಪ್ಪಿದ ಮಾತ್ರಕ್ಕೆ ಮನೆಯೊಳಗಿನ ಒಡವೆಗಳು ನಾಶವಾಗುವುದಿಲ್ಲ. ಡಿಸ್ಕನ್ನು ಅಳಿಸಿದರೆ ಮಾತ್ರ ಅವು ನಿಜವಾಗಿಯೂ ಕೈತಪ್ಪುತ್ತವೆ.

ವಿವೇಕಿಯಾದವನು ಕ್ರಮವಾಗಿ ಮುಂದುವರಿಯುತ್ತಾನೆ. ಯಂತ್ರವು ಏಳುತ್ತಿರುವಾಗಲೇ ಅದರ ತಯಾರಕರು ಸೂಚಿಸಿದ ಕೀಲಿಯನ್ನು ಒತ್ತಿ ಬೂಟ್ ಅನುಕ್ರಮವನ್ನು ನೋಡುತ್ತಾನೆ. ಎಷ್ಟೋ ವೇಳೆ ಬೇಕಾದ ಹೆಸರನ್ನು ಮೇಲಕ್ಕೆ ತಂದಷ್ಟಕ್ಕೇ ತೊಂದರೆ ಪರಿಹಾರವಾಗುತ್ತದೆ. ಆಗದಿದ್ದರೆ, ಪೆನ್ ಡ್ರೈವಿನಿಂದಲೇ ನಡೆಯಬಲ್ಲ ಲಿನಕ್ಸ್ ಅನ್ನು ಬಳಸಿ ಯಂತ್ರವನ್ನು ಎಬ್ಬಿಸುತ್ತಾನೆ. ಡಿಸ್ಕಿನ ವಿಭಾಗಗಳನ್ನು ತೆರೆದು ಕಡತಗಳು ಇವೆಯೇ ಎಂದು ಪರೀಕ್ಷಿಸಿ, ಮುಖ್ಯವಾದುವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತಾನೆ. ದುರಸ್ತಿಗೆ ಕೈಹಾಕುವುದು ಇದರ ಅನಂತರವೇ.

ದುರಸ್ತಿಯ ವಿಧಾನವೂ ಸರಪಳಿಯ ತತ್ತ್ವವನ್ನೇ ಅನುಸರಿಸುತ್ತದೆ. ಪೆನ್ ಡ್ರೈವಿನಿಂದ ಎದ್ದ ಲಿನಕ್ಸ್‌ನ ಮೂಲಕ ಡಿಸ್ಕಿನಲ್ಲಿರುವ ಲಿನಕ್ಸ್‌ನೊಳಗೆ ಪ್ರವೇಶಿಸಿ, ‘ಗ್ರಬ್-ಇನ್‌ಸ್ಟಾಲ್’ ಎಂಬ ಆದೇಶದಿಂದ ದ್ವಾರಪಾಲಕನನ್ನು ಮತ್ತೆ ನಿಲ್ಲಿಸಬೇಕು. ಉಬುಂಟುವಿನಂತಹ ಲಿನಕ್ಸ್‌ನಲ್ಲಿ ‘ಅಪ್‌ಡೇಟ್-ಗ್ರಬ್’ ಎಂಬ ಆದೇಶವು ವ್ಯವಸ್ಥೆಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ ಬೇರೆ ವ್ಯವಸ್ಥೆಗಳನ್ನು ಹುಡುಕುವ ಸೌಲಭ್ಯವು ಸಾಮಾನ್ಯವಾಗಿ ಸ್ಥಗಿತವಾಗಿರುತ್ತದೆ. ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಆ ಸೌಲಭ್ಯವನ್ನು ಮೊದಲು ಚಾಲನೆಗೊಳಿಸಬೇಕು. ವಿಂಡೋಸಿನ ದ್ವಾರಪಾಲಕನೇ ಕೆಟ್ಟಿದ್ದರೆ, ವಿಂಡೋಸಿನ ಸ್ಥಾಪನಾ ಪೆನ್ ಡ್ರೈವಿನಲ್ಲಿರುವ ದುರಸ್ತಿ ಸೌಲಭ್ಯವು ನೆರವಾಗುತ್ತದೆ.

ಇಷ್ಟೆಲ್ಲ ಶ್ರಮವನ್ನು ತಪ್ಪಿಸುವ ಮುಂಜಾಗ್ರತೆಗಳು ಬಹಳ ಸರಳ. ಎರಡನೆಯ ವ್ಯವಸ್ಥೆಯನ್ನು ಸ್ಥಾಪಿಸುವ ಮೊದಲೇ ಕಡತಗಳ ನಕಲನ್ನು ಹೊರಗಿನ ಡಿಸ್ಕಿನಲ್ಲಿಡಬೇಕು. ವಿಂಡೋಸ್ ಯಾವ ಪದ್ಧತಿಯಲ್ಲಿದೆಯೋ ಅದೇ ಪದ್ಧತಿಯಲ್ಲಿ ಎರಡನೆಯದನ್ನೂ ಸ್ಥಾಪಿಸಬೇಕು. ಡಿಸ್ಕಿಗೆ ‘ಬಿಟ್‌ಲಾಕರ್’ ಗೂಢಲಿಪಿಯ ರಕ್ಷಣೆಯಿದ್ದರೆ, ಅದರ 48 ಅಂಕಿಗಳ ಪುನಃಪ್ರಾಪ್ತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಬೂಟ್ ಆಗುವ ಕ್ರಮವು ಬದಲಾದಾಗ ಯಂತ್ರವು ಆ ಸಂಖ್ಯೆಯನ್ನು ಕೇಳಬಹುದು. ಆಗ ಅದು ದೊರೆಯದಿದ್ದರೆ, ಕಡತಗಳು ಡಿಸ್ಕಿನಲ್ಲಿಯೇ ಇದ್ದರೂ ಅವನ್ನು ಓದಲಾಗುವುದಿಲ್ಲ.

ಯಂತ್ರದ ಮೌನವು ಅದರ ಮರಣವಲ್ಲ. ಎಲ್ಲಿಯೋ ಒಂದು ಕೊಂಡಿ ಕಳಚಿದೆ ಎಂಬುದಕ್ಕೆ ಅದು ಸೂಚನೆ. ಆ ಕೊಂಡಿ ಯಾವುದೆಂದು ತಾಳ್ಮೆಯಿಂದ ಹುಡುಕುವವನ ಕೈಯಲ್ಲಿ ಯಂತ್ರವು ಮತ್ತೆ ಎಚ್ಚರಗೊಳ್ಳುತ್ತದೆ. ಅವನ ವರ್ಷದ ದುಡಿಮೆಯೂ ಉಳಿಯುತ್ತದೆ.