ಗ್ರಾಮದಿಂದ ನಗರಕ್ಕೆ: ಬೆಂಗೇರಿಯ ವ್ಯಾಪಾರ ಜೀವನ ಮತ್ತು ಸ್ಥಾನಿಕ ಸ್ವರಾಜ್ಯ

ಒಂದು ಗ್ರಾಮವು ಯಾವ ದಿನ ಪಟ್ಟಣವಾಗುತ್ತದೆ? ಈ ಪ್ರಶ್ನೆಗೆ ಎರಡು ಉತ್ತರಗಳುಂಟು. ಸರಕಾರದ ಅಧಿಸೂಚನೆ ಹೊರಟ ದಿನ ಎಂಬುದು ಕಾಯಿದೆಯ ಉತ್ತರ. ಅದಕ್ಕೂ ಬಹು ಮೊದಲೇ ಊರ ಹಾದಿಯ ಬದಿಗೆ ಅಂಗಡಿಗಳೆದ್ದು, ಒಕ್ಕಲುತನವನ್ನೇ ನಂಬಿದವರಿಗಿಂತ ಕೂಲಿ, ನೌಕರಿ, ವ್ಯಾಪಾರಗಳಿಂದ ಬದುಕುವವರು ಹೆಚ್ಚಾಗಿರುತ್ತಾರೆ. ಇದು ಜೀವನದ ಉತ್ತರ. ಅಧಿಸೂಚನೆಯು ವ್ಯಾಪಾರವನ್ನು ಹುಟ್ಟಿಸಲಾರದು. ಆದರೆ ಆ ವ್ಯಾಪಾರದ ವಿಷಯದಲ್ಲಿ ನಿರ್ಣಯ ಕೈಕೊಳ್ಳುವವರು ಯಾರು, ಅವರನ್ನು ಪ್ರಶ್ನಿಸುವ ಅವಕಾಶ ಯಾರಿಗೆ ಎಂಬುದನ್ನು ಅದು ಬದಲಿಸುತ್ತದೆ. ಹುಬ್ಬಳ್ಳಿಯ ಬೆಂಗೇರಿಯನ್ನು ನಿದರ್ಶನವಾಗಿಟ್ಟುಕೊಂಡು ಈ ಬದಲಾವಣೆಯ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಾಯಿದೆಯ ಚೌಕಟ್ಟನ್ನು ನೋಡೋಣ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಾಡಳಿತಕ್ಕೆ ಮೂರು ಮೆಟ್ಟಿಲುಗಳನ್ನು ಕಲ್ಪಿಸಿದೆ. ಗ್ರಾಮದ ಸ್ಥಿತಿಯಿಂದ ನಗರದ ಸ್ಥಿತಿಗೆ ಸಾಗುತ್ತಿರುವ ಪ್ರದೇಶಕ್ಕೆ ನಗರ ಪಂಚಾಯತಿ, ಚಿಕ್ಕ ನಗರ ಪ್ರದೇಶಕ್ಕೆ ಪುರಸಭೆ ಇಲ್ಲವೆ ನಗರಸಭೆ, ದೊಡ್ಡದಕ್ಕೆ ಮಹಾನಗರ ಪಾಲಿಕೆ. ಈ ಪೈಕಿ ಮೊದಲನೆಯದನ್ನು ಕರ್ನಾಟಕದಲ್ಲಿ ಪಟ್ಟಣ ಪಂಚಾಯತಿ ಎನ್ನುತ್ತಾರೆ. ಜನಸಂಖ್ಯೆ, ಜನದಟ್ಟಣೆ, ಸ್ಥಳೀಯ ಆಡಳಿತಕ್ಕೆ ಬರುವ ಆದಾಯ, ಒಕ್ಕಲುತನದ ಹೊರಗಿನ ಉದ್ಯೋಗಗಳ ಪ್ರಮಾಣ ಮತ್ತು ಆರ್ಥಿಕ ಮಹತ್ವ, ಇವು ಸಂವಿಧಾನವು ಹೇಳಿದ ಅಳತೆಗೋಲುಗಳು. 1964ರ ಪುರಸಭೆಗಳ ಕಾಯಿದೆಯಲ್ಲಿ ಇವಕ್ಕೆ ಅಂಕಿಗಳೂ ದೊರೆಯುತ್ತವೆ: ಪಟ್ಟಣ ಪಂಚಾಯತಿಗೆ 10,000ದಿಂದ 20,000 ಜನಸಂಖ್ಯೆ, ಚದರ ಕಿಲೋಮೀಟರಿಗೆ 400ಕ್ಕೆ ಕಡಿಮೆಯಿಲ್ಲದ ಜನದಟ್ಟಣೆ, ಉದ್ಯೋಗಗಳಲ್ಲಿ ಅರ್ಧದಷ್ಟಾದರೂ ಒಕ್ಕಲುತನದ ಹೊರಗಿನವು. ಧಾರವಾಡ ಜಿಲ್ಲೆಯಲ್ಲಿ ಅಳ್ನಾವರ, ಕಲಘಟಗಿ, ಕುಂದಗೋಳಗಳು 2011ರ ಜನಗಣತಿಯ ವೇಳೆಗೆ ಈ ಮೆಟ್ಟಿಲಲ್ಲಿದ್ದವು.

ಬೆಂಗೇರಿಯಾದರೋ ಈ ನಡುವಣ ಮೆಟ್ಟಿಲನ್ನು ತುಳಿಯಲೇ ಇಲ್ಲ. ಹುಬ್ಬಳ್ಳಿಯ ಮುನಸಿಪಾಲಿಟಿ 1855ರ ಆಗಸ್ಟ್ 15ರಂದೂ ಧಾರವಾಡದ್ದು 1856ರ ಜನವರಿ 1ರಂದೂ ಸ್ಥಾಪಿತವಾದವು. ಸುಮಾರು ಇಪ್ಪತ್ತು ಕಿಲೋಮೀಟರು ಅಂತರದ ಈ ಎರಡು ಊರುಗಳನ್ನು 1962ರಲ್ಲಿ ಒಂದು ಮಹಾನಗರ ಪಾಲಿಕೆಯಾಗಿ ಕೂಡಿಸಲಾಯಿತು. ಅದರ ವ್ಯಾಪ್ತಿಯಲ್ಲಿ ಎರಡು ಊರುಗಳಲ್ಲದೆ ಅವುಗಳ ಸುತ್ತಲಿನ ಹಲವು ಕಂದಾಯ ಗ್ರಾಮಗಳೂ ಬಂದವು, ಬೆಂಗೇರಿ ಅವುಗಳಲ್ಲೊಂದು. ಹೀಗೆ, ತನ್ನದೇ ಪುರಸಭೆಯನ್ನು ಕಾಣದೆ ಈ ಗ್ರಾಮವು ನೇರವಾಗಿ ಮಹಾನಗರದ ಭಾಗವಾಯಿತು. 2011ರ ಜನಗಣತಿಯಲ್ಲಿ ಆ ಮಹಾನಗರದ ಜನಸಂಖ್ಯೆ 9,43,857.

ಆದರೆ ಬೆಂಗೇರಿಯ ದುಡಿಮೆಯ ಬೇರುಗಳು ಗ್ರಾಮಜೀವನದಲ್ಲಿಯೇ ಉಳಿದವು. 1957ರ ನವೆಂಬರ್ 1ರಂದು, ರಾಜ್ಯದ ಏಕೀಕರಣಕ್ಕೆ ಸರಿಯಾಗಿ ಒಂದು ವರ್ಷ ತುಂಬಿದಾಗ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಸ್ಥಾಪಿತವಾಯಿತು. ಬೆಂಗೇರಿಯಲ್ಲಿ ನೆಲೆಗೊಂಡ ಈ ಸಂಘವು ರಾಜ್ಯದ ಅನೇಕ ಖಾದಿ ಸಂಸ್ಥೆಗಳ ಒಕ್ಕೂಟ. ಇಲ್ಲಿ ಸಿದ್ಧವಾಗುವ ರಾಷ್ಟ್ರಧ್ವಜವು ಬೆಂಗೇರಿಯ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಅಶೋಕ ಚಕ್ರವನ್ನು ಮುದ್ರಿಸುವುದು, ಹೊಲಿಯುವುದು, ಹಗ್ಗ ಜೋಡಿಸುವುದು, ಹೀಗೆ ಧ್ವಜವು ಹಲವು ಕೈಗಳನ್ನು ದಾಟಿ ಬರುತ್ತದೆ. ಪ್ರತಿ ಹಂತದಲ್ಲಿಯೂ ಬಟ್ಟೆಯು ಭಾರತೀಯ ಮಾನಕ ಸಂಸ್ಥೆಯು ವಿಧಿಸಿದ ಅಳತೆಗೆ ಸರಿಹೊಂದಬೇಕು. ಧ್ವಜದ ಬಟ್ಟೆಯನ್ನು ನೇಯುವ ಕೆಲಸ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂತಹ ಹಳ್ಳಿಯಲ್ಲಿ ನಡೆಯುತ್ತದೆ. ನಗರದೊಳಗಿನ ಹೊಲಿಗೆಯ ಯಂತ್ರವೂ ಹಳ್ಳಿಯ ಮಗ್ಗವೂ ಒಂದೇ ಉದ್ದಿಮೆಯ ಎರಡು ತುದಿಗಳು. ಆಡಳಿತದ ಗೆರೆಯು ಈ ಉದ್ದಿಮೆಯನ್ನು ನಡುವೆ ಸೀಳುತ್ತದೆ. ವ್ಯವಹಾರವು ಆ ಗೆರೆಯನ್ನು ಲೆಕ್ಕಿಸುವುದಿಲ್ಲ. ಬೆಂಗೇರಿಯ ವಾರದ ಸಂತೆಯ ಮಾತೂ ಇದೇ. ಮಾರುವವರಲ್ಲಿ ಹಳ್ಳಿಯವರು, ಕೊಳ್ಳುವವರಲ್ಲಿ ಬಡಾವಣೆಗಳ ನೌಕರರು.

ಗ್ರಾಮವು ಪಟ್ಟಣವಾದಾಗ ವ್ಯಾಪಾರಿಗೂ ಗೃಹಸ್ಥನಿಗೂ ಮೊದಲು ಅನುಭವಕ್ಕೆ ಬರುವುದು ಕಾಗದಪತ್ರಗಳ ಬದಲಾವಣೆ. ಗ್ರಾಮ ಪಂಚಾಯತಿಯ ಆಸ್ತಿಯ ದಾಖಲೆಯು ಇ-ಸ್ವತ್ತು ವ್ಯವಸ್ಥೆಯಲ್ಲಿದ್ದರೆ ನಗರದ್ದು ಇ-ಆಸ್ತಿಯಲ್ಲಿರುತ್ತದೆ. ಆಸ್ತಿ ತೆರಿಗೆಯನ್ನು ಮಾಲೀಕನು ತಾನೇ ಲೆಕ್ಕ ಹಾಕಿ ಸಲ್ಲಿಸಬೇಕು. ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಸ್ಥಾನದಲ್ಲಿ ಮುಖ್ಯಾಧಿಕಾರಿಯು ಬರುತ್ತಾನೆ, ಮಹಾನಗರವಾದರೆ ಆಯುಕ್ತನು. ಬೀದಿದೀಪ, ಒಳಚರಂಡಿ, ನಲ್ಲಿ ನೀರುಗಳ ನಿರೀಕ್ಷೆ ಹೆಚ್ಚುತ್ತದೆ. ಅದರೊಂದಿಗೆ ಕರದ ಹೊರೆಯೂ ಹೆಚ್ಚುತ್ತದೆ. ಇನ್ನೊಂದು ನಷ್ಟವು ಬಡವನದು. 2005ರ ಕಾಯಿದೆಯಿಂದ ಬಂದ ಉದ್ಯೋಗ ಖಾತರಿಯು ಗ್ರಾಮೀಣ ಕುಟುಂಬಗಳಿಗೆಂದೇ ರೂಪುಗೊಂಡಿತ್ತು. ಊರಿನ ಹೆಸರಿನ ಮುಂದೆ ‘ಪಟ್ಟಣ’ ಎಂಬ ಶಬ್ದ ಸೇರಿದೊಡನೆ ಭೂಮಿಯಿಲ್ಲದ ಕೂಲಿಕಾರನು ಅಂತಹ ಖಾತರಿಯ ಹೊರಗಾಗುತ್ತಾನೆ. ಅವನ ಕೂಲಿಯೇನೂ ಅಂದೇ ಹೆಚ್ಚಿರುವುದಿಲ್ಲ. ಹಲವು ದೊಡ್ಡ ಊರುಗಳು ಪಟ್ಟಣವಾಗಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಜನಗಣತಿಯು ಪಟ್ಟಣವೆಂದು ಎಣಿಸಿದರೂ ಕಾಯಿದೆಯ ಪ್ರಕಾರ ನಗರಾಡಳಿತವಿಲ್ಲದ ಊರುಗಳು ದೇಶದಲ್ಲಿ 2001ರಲ್ಲಿ 1,362 ಇದ್ದವು. 2011ರಲ್ಲಿ ಅವು 3,894 ಆದವು.

ಕಾಗದಪತ್ರಗಳಿಗಿಂತ ಆಳವಾದ ಬದಲಾವಣೆ ಇನ್ನೊಂದಿದೆ. ಗ್ರಾಮ ಪಂಚಾಯತಿಯಲ್ಲಿ ಮತದಾರರೆಲ್ಲರೂ ಕೂಡುವ ಗ್ರಾಮಸಭೆಯುಂಟು. ಅದು ಎಷ್ಟೇ ದುರ್ಬಲವಾಗಿ ನಡೆದರೂ, ಸಂತೆಯ ಕಟ್ಟೆಗೆ ನೆರಳಿಲ್ಲವೆಂದು ಕಾಯಿಪಲ್ಲೆ ಮಾರುವ ಹೆಣ್ಣುಮಗಳು ಎದ್ದುನಿಂತು ಕೇಳುವುದಕ್ಕೆ ಅಲ್ಲಿ ಶಾಸನದ ಆಧಾರವಿದೆ. ಪಟ್ಟಣವಾದ ದಿನವೇ ಈ ಸಭೆ ಇಲ್ಲವಾಗುತ್ತದೆ. ಅದಕ್ಕೆ ಬದಲಾಗಿ ಸಂವಿಧಾನವು ವಾರ್ಡು ಸಮಿತಿಗಳನ್ನು ಸೂಚಿಸಿದೆಯಾದರೂ, ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ ಅವನ್ನು ಕಡ್ಡಾಯಗೊಳಿಸಿದೆ. ಬೆಂಗೇರಿಯು ಮಹಾನಗರದ ಭಾಗವಾದುದರಿಂದ ಅಲ್ಲಿಯ ನಿವಾಸಿಗಳು ವಾರ್ಡು ಸಮಿತಿಯನ್ನು ಹಕ್ಕಿನಿಂದ ಕೇಳಬಹುದು. ಹದಿನೈದು ಸಾವಿರ ಜನರ ಹೊಸ ಪಟ್ಟಣ ಪಂಚಾಯತಿಗೆ ಸಂವಿಧಾನದ ಈ ಆಸರೆಯಿಲ್ಲ. ಗ್ರಾಮಸಭೆ ಹೋಯಿತು, ವಾರ್ಡು ಸಮಿತಿ ಬರಲಿಲ್ಲ. ನಡುವಣ ಮೆಟ್ಟಿಲಲ್ಲಿ ನಿಂತವನಿಗೆ ಐದು ವರ್ಷಕ್ಕೊಮ್ಮೆ ಹಾಕುವ ಮತವೊಂದೇ ಉಳಿಯಿತು. ಹೊಸ ಪುರಾಡಳಿತದ ಮುಖ್ಯ ಕೊರತೆ ಇದೇ ಎಂದು ನಮಗೆ ತೋರುತ್ತದೆ.

ಸಣ್ಣ ವ್ಯಾಪಾರಿಯ ಮಟ್ಟಿಗೆ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುವ ಸಾಧನವೊಂದು 2014ರಲ್ಲಿ ದೊರೆಯಿತು. ಅದು ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ ಕೇಂದ್ರ ಕಾಯಿದೆ. ಇದರ ಪ್ರಕಾರ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳಿಂದಲೇ ಆರಿಸಿ ಬಂದವರಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಸ್ತ್ರೀಯರಿರಬೇಕು. ಐವತ್ತು ವರ್ಷಗಳಿಗೂ ಮೀರಿ ಬೀದಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಸಾರಿ, ಅಲ್ಲಿಯ ವ್ಯಾಪಾರಿಗಳನ್ನು ಬೇರೆಡೆಗೆ ಕಳಿಸಬಾರದೆಂಬ ತತ್ವವೂ ಆ ಕಾಯಿದೆಯಲ್ಲಿದೆ. ನಗರವು ಬೆಳೆದಂತೆ ಸಂತೆಯ ಬಯಲಿನ ಬೆಲೆ ಏರುತ್ತದೆ. ಬೆಲೆ ಏರಿದ ಬಯಲಿನ ಮೇಲೆ ಇತರರ ಕಣ್ಣು ಬೀಳುವುದು ಸಹಜ. ಇಂತಹ ಸಮಯದಲ್ಲಿ ಈ ತತ್ವವು ಉಪಯುಕ್ತವಾದ ಆಸರೆ. ಆದರೆ ಸಂತೆಯ ಪ್ರಾಚೀನತೆಯನ್ನು ಯಾರಾದರೂ ದಾಖಲೆಗಳಿಂದ ತೋರಿಸಬೇಕು. ಹಳೆಯ ಪಂಚಾಯತಿಯ ಠರಾವುಗಳು, ಸಂತೆಯ ಶುಲ್ಕದ ಲೆಕ್ಕಗಳು ಕಚೇರಿ ಬದಲಾಗುವಾಗ ಕಳೆದುಹೋದರೆ ಹಕ್ಕೂ ಅವುಗಳೊಡನೆ ಹೋಗುವ ಭಯವಿದೆ.

ಸ್ಥಾನಿಕ ಸಂಸ್ಥೆಯ ಕೈಗೆ ಎಟುಕದ ನಿರ್ಣಯಗಳೂ ಉಂಟೆಂಬುದನ್ನು ಮರೆಯಲಾಗದು. ಕೇಂದ್ರ ಸರಕಾರವು 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಯನ್ನು ತಿದ್ದಿ, ಪಾಲಿಯೆಸ್ಟರ್ ಬಟ್ಟೆಯ ಮತ್ತು ಯಂತ್ರದಿಂದ ತಯಾರಾದ ಧ್ವಜಗಳಿಗೆ ಅನುಮತಿ ಕೊಟ್ಟಿತು. 2022ರಲ್ಲಿ ಬೆಂಗೇರಿಯ ಸಂಘವು ಇದನ್ನು ಬಹಿರಂಗವಾಗಿ ವಿರೋಧಿಸಿತು. ನೂಲುವವರ, ಹೊಲಿಯುವವರ ದುಡಿಮೆಗೆ ತಟ್ಟುವ ಇಂತಹ ನಿರ್ಣಯವನ್ನು ಯಾವ ಪಾಲಿಕೆಯೂ ತಡೆಯಲಾರದು. ಆದುದರಿಂದಲೇ ಅದರ ಕೈಯಲ್ಲಿರುವ ರಸ್ತೆ, ನೀರು, ಸಂತೆಯ ಕಟ್ಟೆ, ನ್ಯಾಯವಾದ ಶುಲ್ಕ ಇವುಗಳ ಮಹತ್ವ ಇನ್ನೂ ಹೆಚ್ಚು.

ಮೇಲಿನ ವಿವೇಚನೆಯಿಂದ ಎರಡು ಸೂಚನೆಗಳು ಹೊರಡುತ್ತವೆ. ಸಂವಿಧಾನವು ಕಡ್ಡಾಯ ಮಾಡದಿದ್ದರೂ, ಹೊಸ ಪಟ್ಟಣ ಪಂಚಾಯತಿಯು ವರ್ಷಕ್ಕೆರಡು ಸಲ ವಾರ್ಡುವಾರು ಬಹಿರಂಗ ಸಭೆ ಕರೆದು ತನ್ನ ಜಮಾ-ಖರ್ಚನ್ನು ಓದಿ ಹೇಳುವುದು ಯೋಗ್ಯ. ಎರಡನೆಯದಾಗಿ, ಗ್ರಾಮ ಪಂಚಾಯತಿಯ ದಫ್ತರವನ್ನು ಹೊಸ ಕಚೇರಿಯು ಯಾದಿ ಮಾಡಿ ವಹಿಸಿಕೊಳ್ಳಬೇಕು. ಈ ಎರಡನೆಯ ಕೆಲಸದಲ್ಲಿ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ನೆರವಾಗಬಲ್ಲರು. ಒಂದು ವರ್ಷದ ಸಂತೆಗಳನ್ನು ಎಣಿಸಿ, ಯಾವ ಹಳ್ಳಿಯಿಂದ ಯಾರು ಏನು ತಂದರು, ಎಷ್ಟು ಶುಲ್ಕ ಕೊಟ್ಟರು, ರಸೀತಿ ಸಿಕ್ಕಿತೋ ಇಲ್ಲವೋ ಎಂಬುದನ್ನು ಬರೆದಿಟ್ಟರೆ ಅದು ಒಳ್ಳೆಯ ಸಂಶೋಧನೆಯಾಗುತ್ತದೆ. ಸಂತೆಯ ಜಾಗೆಯ ಪ್ರಶ್ನೆ ಎದ್ದ ದಿನ ಮಾರುವವರ ಕೈಯಲ್ಲಿ ಅದೇ ಆಧಾರವೂ ಆದೀತು.