ಅಡಿಕೆ ತೋಟ ಬಿಟ್ಟು ಲಾರಿ ಹತ್ತುವ ಮುನ್ನ: ಗಂಟೆಯ ಲೆಕ್ಕ ಯಾರ ಕೈಲಿದೆ?

ಹೊಸನಗರದ ನಗರ ಹೋಬಳಿ, ತೀರ್ಥಹಳ್ಳಿಯ ಆಗುಂಬೆ ಸೀಮೆಯಲ್ಲಿ ಎಲೆಚುಕ್ಕಿ ರೋಗ ಬಂದ ಮೇಲೆ ಸಣ್ಣ ಅಡಿಕೆ ಬೆಳೆಗಾರರ ಲೆಕ್ಕಾಚಾರವೇ ತಲೆಕೆಳಗಾಗಿದೆ. ಒಂದು ಎಕರೆ, ಎರಡು ಎಕರೆ ತೋಟ ಇರುವ ಮನೆಯಲ್ಲಿ ಔಷಧಿ ಸಿಂಪಡಣೆಯ ಖರ್ಚು ಏರಿದೆ, ಫಸಲು ಇಳಿದಿದೆ. ಸ್ವಂತ ತೋಟವೇ ಇಲ್ಲದ, ಕೊನೆ ಕೊಯ್ಲು ಮತ್ತು ಸುಲಿಯುವ ಕೆಲಸ ನಂಬಿದ ಮನೆಗಳಿಗೆ ಪೆಟ್ಟು ಇನ್ನೂ ಜೋರು. ಬೆಂಗಳೂರಿಗೆ ಹೋಗಿ ಡೆಲಿವರಿ, ಸೆಕ್ಯುರಿಟಿ, ಸಣ್ಣಪುಟ್ಟ ಆಫೀಸ್ ಕೆಲಸ ಮಾಡಿ ಬೇಸತ್ತವರೂ ಇದ್ದಾರೆ. ಇಂಥ ಕಡೆ ಹುಡುಗರ ಬಾಯಲ್ಲಿ ಬರುವ ಒಂದು ಪ್ರಶ್ನೆ: ‘ಹೆವಿ ಲೈಸೆನ್ಸ್ ಮಾಡಿಸ್ಕೊಂಡು ಲೈನ್ ಲಾರಿಗೆ ಹೋದ್ರೆ ಹೇಗೆ?’

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ದೇಶದಲ್ಲಿ ಲಾರಿ ಡ್ರೈವರ್‌ಗಳ ಕೊರತೆ ಇದೆ ಅಂತ ಸಾರಿಗೆ ಉದ್ಯಮದವರು ವರ್ಷಗಳಿಂದ ಹೇಳ್ತಾನೇ ಇದ್ದಾರೆ. ಜಾರ್ಖಂಡ್‌ನ ಲಾರಿ ಚಾಲಕ ರಾಜೇಶ್ ರವಾನಿ ರಸ್ತೆಬದಿಯ ಅಡುಗೆಯ ವಿಡಿಯೊಗಳಿಂದಲೇ ಯೂಟ್ಯೂಬ್‌ನಲ್ಲಿ ಹೆಸರಾದರು. ಭೋಪಾಲ್‌ನ ಯೋಗಿತಾ ರಘುವಂಶಿ ಕಾನೂನು ಓದಿದವರು. ಗಂಡ ತೀರಿಹೋದ ಮೇಲೆ ಮಕ್ಕಳನ್ನು ಸಾಕಲು ಲಾರಿ ಹತ್ತಿದರು. ಅಂದರೆ ಬೇರೆ ದಾರಿಯಿಂದ ಬಂದು ಈ ಕೆಲಸದಲ್ಲಿ ನೆಲೆ ಕಂಡವರು ಇದ್ದಾರೆ.

ಆದರೆ ಕೊರತೆ ಇದ್ದ ಕಡೆ ಸಂಬಳ, ಮರ್ಯಾದೆ ಎರಡೂ ಹೆಚ್ಚಬೇಕಿತ್ತಲ್ಲ? ಇಲ್ಲಿ ಯಾಕೆ ಹಾಗಾಗಿಲ್ಲ? ಅದು ಅರ್ಥವಾಗಬೇಕಾದರೆ ಈ ಕೆಲಸವನ್ನು ಹೇಗೆ ಅಳೆಯುತ್ತಾರೆ ಅಂತ ನೋಡಬೇಕು.

ಲೈಸೆನ್ಸ್ ಕಷ್ಟವಲ್ಲ, ಕಲಿಯೋದು ಕಷ್ಟ

ಕಾನೂನಿನ ದಾರಿ ಸರಳ. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಕನಿಷ್ಠ ಒಂದು ವರ್ಷ ಹಳೆಯದಾಗಿರಬೇಕು. ವೈದ್ಯಕೀಯ ಪ್ರಮಾಣಪತ್ರ, ಡ್ರೈವಿಂಗ್ ಸ್ಕೂಲ್‌ನ ತರಬೇತಿ ಪತ್ರ, ಕಲಿಕಾ ಲೈಸೆನ್ಸ್, ಆಮೇಲೆ ಪರೀಕ್ಷೆ. ಎಂಟನೇ ಕ್ಲಾಸ್ ಓದಿರಬೇಕು ಎಂಬ ನಿಯಮವನ್ನು 2019ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿತು. ಸಾರಿಗೆ ವಾಹನದ ಲೈಸೆನ್ಸ್ ಅನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಕೆಲವರು ತಪ್ಪಾಗಿ ಓದ್ತಾರೆ. ಕಾರಿನ ಲೈಸೆನ್ಸ್ ಇದ್ದವರು ಓಡಿಸಬಹುದು ಅಂತ ಕೋರ್ಟ್ ಹೇಳಿದ್ದು 7,500 ಕಿಲೋ ಮೀರದ ಸಾರಿಗೆ ವಾಹನಗಳಿಗೆ ಮಾತ್ರ. ಊರೊಳಗಿನ ಸಣ್ಣ ಗೂಡ್ಸ್ ಗಾಡಿ ಅದರಲ್ಲಿ ಬರುತ್ತೆ, ಉತ್ತರ ಭಾರತಕ್ಕೆ ಅಡಿಕೆ ಮೂಟೆ ಹೊರುವ ಹತ್ತು ಚಕ್ರದ ಲಾರಿ ಬರಲ್ಲ.

ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಕೆಲಸ ಬರಲ್ಲ. ಹಿಂದೆ ಲಾರಿಗೆ ಹೋಗುವವರು ಮೊದಲು ಕ್ಲೀನರ್ ಆಗಿ ಸೇರುತ್ತಿದ್ದರು. ಹಗ್ಗ ಬಿಗಿಯೋದು, ಟಾರ್ಪಾಲ್ ಹೊದಿಸೋದು, ಟೈರ್ ಬದಲಿಸೋದು, ಘಾಟಿ ಇಳಿಯುವಾಗ ಬ್ರೇಕ್ ಕಾಯದ ಹಾಗೆ ಗೇರ್‌ನಲ್ಲೇ ಗಾಡಿ ಹಿಡಿಯೋದು, ಎಲ್ಲವನ್ನೂ ಪಕ್ಕದಲ್ಲಿ ಕೂತು ಕಲಿಯುತ್ತಿದ್ದರು. ಹುಲಿಕಲ್ ಘಾಟಿಯನ್ನು ಮಳೆಗಾಲದ ರಾತ್ರಿ ಲೋಡ್ ಸಮೇತ ಇಳಿಯೋದನ್ನು ಡ್ರೈವಿಂಗ್ ಸ್ಕೂಲ್ ಹೇಳಿಕೊಡಲ್ಲ. ಆಗುಂಬೆಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರೋದರಿಂದ ಕರಾವಳಿ ಕಡೆಯ ಲೋಡ್‌ಗೆ ಇಂಥ ದಾರಿಗಳೇ ಗತಿ. ಈಗ ಖರ್ಚು ಉಳಿಸಲು ಮಾಲೀಕರು ಕ್ಲೀನರ್ ಇಟ್ಟುಕೊಳ್ಳೋದನ್ನು ಕಡಿಮೆ ಮಾಡಿದ್ದಾರೆ. ಕಲಿಯುವ ಸೀಟೇ ಖಾಲಿಯಾದ ಮೇಲೆ ‘ಒಳ್ಳೆ ಡ್ರೈವರ್ ಸಿಗ್ತಿಲ್ಲ’ ಅನ್ನೋದರಲ್ಲಿ ಆಶ್ಚರ್ಯ ಏನಿದೆ?

ಇಬ್ಬರ ಕೆಲಸ ಒಬ್ಬನಿಗೆ

ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್‌ಗಳು ಇರಬೇಕು ಎಂಬ ನಿಯಮ ಮೊದಲು ಇತ್ತು. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಲಿ ಅನ್ನೋದು ಅದರ ಉದ್ದೇಶ. 2018ರಲ್ಲಿ ಆ ನಿಯಮ ಹೋಯಿತು. ಅದೇ ವರ್ಷ ಲಾರಿಗಳ ಆಕ್ಸಲ್ ಮೇಲೆ ಹಾಕಬಹುದಾದ ಭಾರದ ಮಿತಿಯನ್ನೂ ಏರಿಸಲಾಯಿತು. ಲೋಡ್ ಹೆಚ್ಚಾಯಿತು, ಕೈ ಕಡಿಮೆಯಾಯಿತು.

ಇನ್ನು ಗಂಟೆಯ ಲೆಕ್ಕ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಯ ಕೆಲಸ ಎಂದಿತ್ತು. ದೂರದ ಪ್ರಯಾಣಕ್ಕೆ ವಿನಾಯಿತಿ ಇದ್ದರೂ ದಿನಕ್ಕೆ 10, ವಾರಕ್ಕೆ 54 ಗಂಟೆ ಮೀರುವಂತಿರಲಿಲ್ಲ. ಆದರೆ ಅದು ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಈ ಕಾಯ್ದೆ ವಿಲೀನವಾಗಿದೆ. ಅಲ್ಲೂ ದಿನದ ಮಿತಿ 8 ಗಂಟೆಯೇ.

ಕಾಗದದ ಮೇಲಿನದು ಇದು. ರಸ್ತೆಯ ಮೇಲೆ? ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ, ದೇಶದ 10 ಸಾರಿಗೆ ಕೇಂದ್ರಗಳ 1,217 ಚಾಲಕರ ಅಧ್ಯಯನದ ಪ್ರಕಾರ ಲಾರಿ ಚಾಲಕ ದಿನಕ್ಕೆ ಸರಾಸರಿ ಸುಮಾರು 12 ಗಂಟೆ ಗಾಡಿ ಓಡಿಸುತ್ತಾನೆ. ಸುಸ್ತಾಗಿದ್ದರೂ, ನಿದ್ದೆ ಬರುತ್ತಿದ್ದರೂ ಓಡಿಸುತ್ತೇವೆ ಅಂದವರು ಸುಮಾರು ಅರ್ಧದಷ್ಟು. ಮನೆಯವರಿಗೆ, ಬಂಧುಗಳಿಗೆ ಈ ಕೆಲಸ ಮಾಡಿ ಅಂತ ಹೇಳಲ್ಲ ಅಂದವರು 84%.

ಒಂದು ಸಣ್ಣ ಲೆಕ್ಕ ಹಾಕಿ. ಸಾಗರದಿಂದ ಹುಬ್ಬಳ್ಳಿ, ಪುಣೆ ಹಾದು ದೆಹಲಿಗೆ ಸುಮಾರು 2,000 ಕಿ.ಮೀ. ಲೋಡ್ ಲಾರಿಯ ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಅಂದುಕೊಳ್ಳಿ. ಒಟ್ಟು 50 ಗಂಟೆ ಸ್ಟೇರಿಂಗ್ ಹಿಡಿಯಬೇಕು. ದಿನಕ್ಕೆ 8 ಗಂಟೆಯಾದರೆ ಆರೂಕಾಲು ದಿನ, 12 ಗಂಟೆಯಾದರೆ ನಾಲ್ಕು ದಿನದ ಮೇಲೆ ಸ್ವಲ್ಪ. ಒಂದು ಟ್ರಿಪ್‌ನಲ್ಲಿ ಉಳಿಯುವ ಆ ಎರಡು ದಿನ ಎಲ್ಲಿಂದ ಬಂತು? ಡ್ರೈವರ್‌ನ ನಿದ್ದೆಯಿಂದ.

ಆ ನಿದ್ದೆಗೆ ದುಡ್ಡು ಸಿಗುತ್ತಾ? ಸಾಮಾನ್ಯವಾಗಿ ಕೊಡೋದು ತಿಂಗಳಿಗಿಷ್ಟು ಸಂಬಳ, ಟ್ರಿಪ್‌ಗಿಷ್ಟು ಬಾಟಾ. ಟ್ರಿಪ್ ಜಾಸ್ತಿ ಆದರೆ ಕಾಸು ಜಾಸ್ತಿ. ಲೋಡ್ ಆಗೋದಕ್ಕೆ, ಇಳಿಸೋದಕ್ಕೆ, ರಿಟರ್ನ್ ಲೋಡ್‌ಗೆ ಅಂತ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಕಾದ ದಿನಗಳು ಟ್ರಿಪ್ ಲೆಕ್ಕಕ್ಕೆ ಸೇರಲ್ಲ. ಆ ನಷ್ಟ ತುಂಬಿಕೊಳ್ಳಲು ಡ್ರೈವರ್ ತಾನಾಗಿಯೇ ರಾತ್ರಿ ಓಡಿಸ್ತಾನೆ. ಯಾರೂ ಬಲವಂತ ಮಾಡಿದ ಹಾಗೆ ಕಾಣಲ್ಲ, ಲೆಕ್ಕವೇ ಬಲವಂತ ಮಾಡಿರುತ್ತೆ.

ಕಾಗದಪತ್ರದ ಹೊರೆ ಬೇರೆ. ಇ-ವೇ ಬಿಲ್‌ನಲ್ಲಿ ತಪ್ಪು ಕಂಡರೆ ಜಿಎಸ್‌ಟಿ ಅಧಿಕಾರಿಗಳು ಸರಕನ್ನೂ ಲಾರಿಯನ್ನೂ ತಡೆಹಿಡಿಯಬಹುದು. ಬಿಲ್ ಬರೆದವರು ಊರಲ್ಲಿರ್ತಾರೆ, ಗೊತ್ತಿಲ್ಲದ ಊರಿನ ರಸ್ತೆಯಲ್ಲಿ ದಿನಗಟ್ಟಲೆ ಕೂರುವವನು ಡ್ರೈವರ್.

ಮಾಲೀಕರ ಮುಷ್ಕರ, ಚಾಲಕರ ಮುಷ್ಕರ

2025ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಲಾರಿ ಮುಷ್ಕರ ನಡೆದದ್ದು ನೆನಪಿರಬಹುದು. ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಏರಿಸಿ ಲೀಟರಿಗೆ 2 ರೂಪಾಯಿ ಜಾಸ್ತಿ ಮಾಡಿದ್ದಕ್ಕೆ ಅದು ಶುರುವಾಯಿತು. ಡೀಸೆಲ್, ಟೋಲ್ ಮುಂಚೂಣಿಯ ಬೇಡಿಕೆಗಳು. ನ್ಯಾಯವಾದವೇ ಇರಬಹುದು, ಆದರೆ ಅವು ಮಾಲೀಕರ ಬೇಡಿಕೆಗಳು.

2024ರ ಜನವರಿಯ ಮೊದಲ ದಿನಗಳಲ್ಲಿ ಉತ್ತರ ಭಾರತದ ಹೆದ್ದಾರಿಗಳು ನಿಂತದ್ದು ಬೇರೆ ಕಾರಣಕ್ಕೆ. ಅಪಘಾತ ಮಾಡಿ ಪೊಲೀಸರಿಗೆ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಎಂಬ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನ ವಿರುದ್ಧ ಚಾಲಕರೇ ಬೀದಿಗಿಳಿದಿದ್ದರು. ನಿಂತರೆ ಜನ ಹೊಡೀತಾರೆ, ಓಡಿದರೆ ಜೈಲು ಅನ್ನೋದು ಅವರ ಮಾತು. 2024ರ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಕಲಮನ್ನು ಮಾತ್ರ ತಡೆಹಿಡಿಯಲಾಯಿತು. ಚಾಲಕರು ಒಟ್ಟಾಗಿ ಗೆಲ್ಲಬಲ್ಲರು ಅನ್ನೋದಕ್ಕೆ ಅದೊಂದು ಸಾಕ್ಷಿ. ಆದರೆ 12 ಗಂಟೆ ಓಡಿಸಿ ಕಣ್ಣು ಮುಚ್ಚಿದವನ ಅಪಘಾತಕ್ಕೆ ಆ ಗಂಟೆಗಳನ್ನು ಹೇರಿದವರೂ ಉತ್ತರ ಕೊಡಬೇಕಲ್ಲವಾ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಕೊಳಗ ಬದಲಾಗದೆ ಗೇಣಿ ಬದಲಾಗಲ್ಲ

ಮಲೆನಾಡಿನವರಿಗೆ ಈ ಜಗಳ ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹದ ಹಿಂದೆ ಭತ್ತ ಅಳೆಯುವ ಕೊಳಗದ ತಕರಾರು ಇತ್ತು. ಅಳೆಯುವ ಕೊಳಗ ಒಡೆಯರದ್ದು, ಅದರ ಗಾತ್ರವೂ ಅವರದ್ದೇ. ಇವತ್ತು ಲಾರಿ ಡ್ರೈವರ್‌ನ ದುಡಿಮೆಯ ಕೊಳಗ ‘ಟ್ರಿಪ್’. ಅದರೊಳಗೆ ಎಷ್ಟು ಗಂಟೆ ತುಂಬಿದರೂ ಅದು ಒಂದೇ ಟ್ರಿಪ್.

ಬದಲಾವಣೆ ಅಸಾಧ್ಯವೇನಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಡ್ರೈವರ್ ಸಾಮಾನ್ಯವಾಗಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ನಾಲ್ಕೂವರೆ ಗಂಟೆಗೆ 45 ನಿಮಿಷ ವಿರಾಮ ಕಡ್ಡಾಯ. ಗಾಡಿಯಲ್ಲಿರುವ ಟ್ಯಾಕೋಗ್ರಾಫ್ ಎಂಬ ಯಂತ್ರ ಇದನ್ನು ದಾಖಲಿಸುತ್ತೆ. ನಮ್ಮ ಲಾರಿಗಳಲ್ಲೂ ಜಿಪಿಎಸ್ ಇದೆ. ಗಾಡಿ ಎಲ್ಲಿ ನಿಂತಿದೆ ಅಂತ ಮಾಲೀಕರ ಮೊಬೈಲ್‌ನಲ್ಲಿ ಕಾಣುತ್ತೆ. ಗಾಡಿ ನಿಂತರೆ ಫೋನ್ ಬರುತ್ತೆ, ಹತ್ತು ಗಂಟೆ ನಿಲ್ಲದಿದ್ದರೆ ಯಾಕೆ ಬರಲ್ಲ?

ದುಡಿಯುವವರೇ ಲೆಕ್ಕ ಹಿಡಿದ ಉದಾಹರಣೆಯೂ ಪಕ್ಕದಲ್ಲೇ ಇದೆ. 1991ರಲ್ಲಿ ಕೊಪ್ಪದಲ್ಲಿ ಬಸ್ ಕಾರ್ಮಿಕರೇ ಸೇರಿ ಕಟ್ಟಿದ ‘ಸಹಕಾರ ಸಾರಿಗೆ’ ಮಲೆನಾಡಿನ ರಸ್ತೆಗಳಲ್ಲಿ ಸುಮಾರು ಮೂರು ದಶಕ ಓಡಿತು. ನಷ್ಟ ತಾಳದೆ 2020ರಲ್ಲಿ ನಿಂತಿತು. ಅದು ಹೇಳೋದು ಎರಡೂ ಮಾತನ್ನು: ಕಾರ್ಮಿಕರು ಸಾರಿಗೆ ಸಂಸ್ಥೆ ನಡೆಸಬಲ್ಲರು, ಸರ್ಕಾರದ ಬೆಂಬಲ ಇಲ್ಲದೆ ಉಳಿಯೋದು ಕಷ್ಟ.

ಹಾಗಾದರೆ ಲಾರಿಗೆ ಹೋಗಬಾರದಾ? ಹೋಗಿ, ಆದರೆ ಕೇಳಿ ಹೋಗಿ. ಎರಡನೇ ಡ್ರೈವರ್ ಇರ್ತಾನಾ? ಕಾದ ದಿನಕ್ಕೆ ದುಡ್ಡು ಎಷ್ಟು? ದಂಡ ಯಾರು ಕಟ್ಟೋದು? ನಿಮ್ಮ ಹೆಸರಲ್ಲಿ ಅಪಘಾತ ವಿಮೆ ಇದೆಯಾ? ರಾಜ್ಯದ ಯೋಜನೆಯಲ್ಲಿ ಖಾಸಗಿ ವಾಣಿಜ್ಯ ವಾಹನದ ಚಾಲಕ ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಇದೆ. ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆ 2024ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂದಿದೆ. ಮೊದಲ ಲೋಡ್ ಹತ್ತಿಸುವ ಮುಂಚೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ ನೋಂದಣಿ ಮಾಡಿಸಿಕೊಳ್ಳಿ.

ಈ ಪ್ರಶ್ನೆಗಳನ್ನು ಒಬ್ಬನೇ ಕೇಳಿದರೆ ‘ಬೇರೆ ಡ್ರೈವರ್ ಸಿಗ್ತಾನೆ ಬಿಡು’ ಅನ್ನುವ ಉತ್ತರ ಬರುತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಹೊರಡುವ ಡ್ರೈವರ್‌ಗಳೆಲ್ಲ ಒಟ್ಟಿಗೆ ಕೇಳಿದರೆ ಆ ಉತ್ತರ ಕೊಡೋದು ಮಾಲೀಕರಿಗೆ ಅಷ್ಟು ಸುಲಭ ಆಗಲ್ಲ. ಅಡಿಕೆ ಮೂಟೆ ಗೋದಾಮಿನಿಂದ ತಾನಾಗಿ ನಡೆದು ಹೋಗಲ್ಲವಲ್ಲ.